ಅಳಿಯನ ಬಾಣಂತನ

ನನ್ನ ಮೈಯಲ್ಲಿ ರಕ್ತ ಹೆಚ್ಚು. ಹೀಗೆಂದರೆ ಕೇಳಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸಂತೋಷವಾಗುತ್ತದೆ. "ಪುಣ್ಯಾ ಮಾಡೀರಿ ಬಿಡ್ರಿ, ನಮಗ ಇರೂದ ಇಲ್ಲ" ಎಂದು ಒಬ್ಬರು ಅಸೂಯೆಯಿಂದ ಅಂದದ್ದೂ ಉಂಟು. ಹೆಚ್ಚಾದದ್ದೂ ಒಂದು ರೋಗ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿ ಹೋಗುತ್ತದೆ. ಅದಕ್ಕೇ ಈಗ ಬರೆದೇ ಬಿಡುತ್ತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಕುಂದಗೋಳದಲ್ಲಿ ನನ್ನದೊಂದು ಹೊಲಿಗೆಯ ಅಂಗಡಿ. ಹೋದ ತಿಂಗಳು ಬಮ್ಮಿಗಟ್ಟಿಯಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ. ಅವರ ತಮ್ಮನಿಗೂ ಹುಬ್ಬಳ್ಳಿಯಲ್ಲಿ ಇದೇ ರೋಗ ಎಂದು ಹೇಳಿದ್ದಾರಂತೆ. "ಮೂಲ್ಯಾಗ ಕುಂತುಬಿಟ್ಟಾನ್ರಿ. ಇಡೀ ಜಗತ್ತಿನ್ಯಾಗ ಇದು ತನಗೊಬ್ಬಗ ಬಂದೈತಿ ಅಂತ ತಿಳಕೊಂಡಾನ. ನೀವು ಒಂದೀಟು ಬರದು ಕೊಟ್ರ ಓದಿ ಹೇಳತೀನ್ರಿ" ಎಂದರು. ನಾನು ಹೊಲಿಯುವವನು, ಬರೆಯುವವನಲ್ಲ. ಆದರೂ ಗಿರಾಕಿ ಕೇಳಿದ ಮೇಲೆ ಇಲ್ಲ ಅನ್ನುವ ರೂಢಿ ನನಗಿಲ್ಲ. ಅಳತೆ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿಗೆ ಬೆಲ್‌ಬಾಟಮ್ ಬಂದ ವರ್ಷವೇ ನನ್ನ ಮುಖ ಕೆಂಪಾಗತೊಡಗಿತು. ನಾನು ಹುಟ್ಟಾ ಎಣ್ಣೆಗಪ್ಪಿನವನು. ನಲವತ್ತೇಳನೆಯ ವಯಸ್ಸಿಗೆ ಕೆನ್ನೆ, ಮೂಗು, ಕಿವಿಯ ತುದಿ ಎಲ್ಲ ತಾಮ್ರದ ಬಣ್ಣಕ್ಕೆ ತಿರುಗಿದವು. "ಟೇಲರ್ ಮ್ಯಾಲ ಏನ್ ಕಳಾ ಬಂದೈತಲೇ! ಬೆಲ್‌ಬಾಟಮ್ಮಿನ ರೊಕ್ಕದ ಕಳಾ" ಎಂದು ಗೆಳೆಯರು ನಗುತ್ತಿದ್ದರು. ಸ್ವಲ್ಪ ದಿನಕ್ಕೆ ಕಣ್ಣೂ ಕೆಂಪಾದವು. ಆಗ ಕಳೆಯ ಮಾತು ನಿಂತು ಪಿಸುಮಾತು ಸುರುವಾಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಕುಡಿಯಲು ಕಲಿತಿದ್ದಾನೆ ಎಂದು ನಮ್ಮ ಓಣಿಯೆಲ್ಲ ಒಮ್ಮತಕ್ಕೆ ಬಂತು. ನನ್ನ ಹೆಂಡತಿ ನೀಲವ್ವ ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಸಂಜೆ ಮನೆಗೆ ಬಂದಾಗ ಚಹಾ ಕೊಡುವ ನೆವದಲ್ಲಿ ಹತ್ತಿರ ಬಂದು ಮೂಗು ಅರಳಿಸುತ್ತಿದ್ದಳು.

"ಏನ್ ಮೂಸಾಕತ್ತೀಬೇ?" ಎಂದೆ ಒಂದು ದಿನ.

"ಏನಿಲ್ರಿ. ನೆಗಡಿ ಆಗೈತಿ" ಎಂದಳು. ಆ ನೆಗಡಿ ಎರಡು ತಿಂಗಳು ಹೋಗಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಚಿತ್ರ. ಬಿಸಿನೀರಲ್ಲಿ ಸ್ನಾನ ಮಾಡಿ ಹೊರಗೆ ಬಂದರೆ ಸಾಕು, ಮೈಯೆಲ್ಲ ಕೆರೆತ. ಒಂದು ಗುಳ್ಳೆ ಇಲ್ಲ, ಕಜ್ಜಿ ಇಲ್ಲ. ಚರ್ಮದ ಒಳಗಿನಿಂದ ಯಾರೋ ಸಣ್ಣ ಸೂಜಿಗಳಿಂದ ಕಚ್ಚಾ ಹೊಲಿಗೆ ಹಾಕಿದ ಹಾಗೆ. ನಾನು ಪಡಸಾಲೆಯ ಕಂಬಕ್ಕೆ ಬೆನ್ನು ತಿಕ್ಕುತ್ತ ನಿಂತರೆ ನೀಲವ್ವ, "ನಮ್ಮ ಎಮ್ಮಿ ನಿಮ್ಮನ್ನ ನೋಡಿ ಕಲ್ತೈತೋ, ನೀವು ಎಮ್ಮೀನ್ನ ನೋಡಿ ಕಲ್ತೀರೋ" ಎನ್ನುತ್ತಿದ್ದಳು. ಮೂರು ಸಲ ಸಬಕಾರ ಬದಲಿಸಿದಳು. ಕೊನೆಗೆ ಕಡಲೆಹಿಟ್ಟು ಹಚ್ಚಿ ತೊಳೆದಳು. ಕಡಲೆಹಿಟ್ಟಿನಿಂದ ಕೆರೆತ ಕಡಿಮೆಯಾಗಲಿಲ್ಲ, ಬಜಿಯ ನೆನಪು ಮಾತ್ರ ಹೆಚ್ಚಾಯಿತು. ಪಾದಗಳು ಬೇರೆ ಉರಿಯುತ್ತಿದ್ದವು. ಹೊಲಿಗೆಯ ಯಂತ್ರ ತುಳಿಯುವವನಿಗೆ ಪಾದ ಉರಿದರೆ ಹೇಗೆ? ಯಂತ್ರದ ಬಾಜೂಕ ಒಂದು ಬಕೆಟ್ ತಣ್ಣೀರು ಇಟ್ಟುಕೊಂಡು, ಒಂದು ಪ್ಯಾಂಟು ಮುಗಿದ ಮೇಲೆ ಒಂದು ಗಳಿಗೆ ಕಾಲು ಅದ್ದಿ ಕೂರುತ್ತಿದ್ದೆ. ಇದೆಲ್ಲ ಉಷ್ಣದಿಂದ ಎಂದುಕೊಂಡು ಮಜ್ಜಿಗೆ ಕುಡಿದೆ.

ಒಂದು ದಿನ ಮಾತ್ರ ನಗಲು ಆಗಲಿಲ್ಲ. ಮದುಮಗನೊಬ್ಬನ ಟೆರಿಕಾಟ್ ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ ಕತ್ತರಿಸುತ್ತಿದ್ದೆ. ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಾಗಿದೆ. ಬಲಗೈ ನನ್ನ ಮಾತು ಕೇಳಲಿಲ್ಲ. ಬೆರಳುಗಳು ಅಲ್ಲೇ ಇವೆ, ಕಾಣುತ್ತವೆ, ಆದರೆ ಮಡಚು ಎಂದರೆ ಮಡಚುವುದಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದು ಕಪ್ ಚಹಾ ಆರುವಷ್ಟು ಹೊತ್ತಿಗೆ ಬೆರಳಿಗೆ ಮತ್ತೆ ಜೀವ ಬಂತು. ನನ್ನ ಕೈಯೆಂದರೆ ನನ್ನ ಅನ್ನ, ನನ್ನ ಹೆಸರು, ನಾನು. ಅದು ಹೋದರೆ ನಾನು ಅಂಗಡಿಯ ಕಟ್ಟೆಯ ಮೇಲೆ ಕೂತು ಬೇರೆಯವರು ಹೊಲಿಯುವುದನ್ನು ನೋಡಬೇಕು. ಎಷ್ಟು ಹೆದರಿದೆನೆಂದರೆ ಎಂಟು ದಿನ ಯಾರಿಗೂ ಹೇಳಲಿಲ್ಲ. ಒಂಬತ್ತನೆಯ ದಿನ ಊಟಕ್ಕೆ ಕೂತಾಗ ನೀಲವ್ವನ ಕಣ್ಣೆದುರೇ ರೊಟ್ಟಿ ಕೈಯಿಂದ ಬಿತ್ತು. ಮರುದಿನ ಬೆಳಗಿನ ಗಾಡಿಗೆ ಅವಳು ನನ್ನನ್ನು ಹುಬ್ಬಳ್ಳಿಗೆ ಎಳೆದುಕೊಂಡು ಹೋದಳು.

ದೊಡ್ಡ ದವಾಖಾನೆಯಲ್ಲಿ ರಕ್ತ ತೆಗೆದುಕೊಂಡು, ಸಣ್ಣ ಗಾಜಿನ ನಳಿಗೆಗೆ ಹಾಕಿ ಯಂತ್ರದಲ್ಲಿ ಗಿರಗಿರ ತಿರುಗಿಸಿದರು. ಕೆಂಪು ಭಾಗ ಕೆಳಗೆ ಕೂಡುತ್ತದೆ, ತಿಳಿಯಾದದ್ದು ಮೇಲೆ ನಿಲ್ಲುತ್ತದೆ. ಡಾಕ್ಟರು ಆ ನಳಿಗೆಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಮಾತು ಒರಟು, ಮನಸ್ಸು ಮೆದು ಎನ್ನುವಂಥ ಮನುಷ್ಯ.

"ನೂರರಾಗ ಕೆಂಪು ಭಾಗ ನಲವತ್ತೈದರ ಆಸುಪಾಸು ಇರಬೇಕು. ನಿಮ್ಮದು ಅರವತ್ತಮೂರು ಅದ."

ನಾನು ಅಳತೆಯ ಮನುಷ್ಯ. ಈ ಮಾತು ನನಗೆ ಬೇಗ ತಿಳಿಯಿತು. ನಲವತ್ತೈದಕ್ಕೆ ಹೊಲಿದ ಅಂಗಿಯಲ್ಲಿ ಅರವತ್ತಮೂರರ ಹೊಟ್ಟೆ ತುರುಕಿದರೆ ಎಲ್ಲಾದರೂ ಒಂದು ಕಡೆ ಹಿಡಿಯಲೇಬೇಕು.

"ಎಲುಬಿನೊಳಗ ರಕ್ತ ತಯಾರಾಗತದ. ನಿಮ್ಮ ಎಲುಬಿಗೆ ಸಾಕು ಅನ್ನೋದು ತಿಳಿಯವಲ್ದು, ಮಾಡಿದ್ದ ಮಾಡಲಿಕ್ಕೆ ಹತ್ತದ. ರಕ್ತ ಸಾರಿನಂಗ ಹರೀಬೇಕು. ನಿಮ್ಮದು ಗಟ್ಟಿ ಝುಣಕದಂಗ ಆಗೇದ. ಅದು ಎಲ್ಲೆರ ಸಿಕ್ಕೊಂಡ್ರ ಲಕ್ವಾ. ಕೈ ಒಂದ ಎರಡ ಸಲ ತಿರುಗಿ ಬಂದದ. ಪ್ರತಿ ಸಲ ಬರತದ ಅಂತ ಹೇಳಲಿಕ್ಕೆ ಬರೂದಿಲ್ಲ" ಎಂದರು.

"ಗುಣಾ ಆಗತೈತೇನ್ರಿ ಸಾಹೇಬ್ರ?"

"ಗುಣಾ ಆಗೂದಿಲ್ಲ. ಅದರ ಜೋಡಿ ಬಾಳೇ ಮಾಡಬೇಕು. ಬಾಯಾರ ಜೋಡಿ ಇಷ್ಟು ವರ್ಷ ಮಾಡೀರಲ್ಲ?" ಎಂದು ನೀಲವ್ವನ ಕಡೆ ನೋಡಿದರು. ನೀಲವ್ವ ಹೆದರಿಕೆಯ ನಡುವೆಯೂ ನಕ್ಕಳು. ನನಗೆ ಆ ನಗೆಯಿಂದಲೇ ಅರ್ಧ ಧೈರ್ಯ ಬಂತು.

ಉಪಾಯ ಸರಳವಾಗಿತ್ತು. ಹೆಚ್ಚಾದ ರಕ್ತವನ್ನು ತೆಗೆಯುವುದು. ವಾರಕ್ಕೊಮ್ಮೆ ಒಂದು ಬಾಟ್ಲಿ, ಹೀಗೆ ನಾಲ್ಕು ವಾರ. ಆಮೇಲೆ ಆಗಾಗ, ಬಾಳಿನುದ್ದಕ್ಕೂ.

ಸರದಿಗಾಗಿ ಕಾಯುವ ಉದ್ದನೆಯ ಮರದ ಬಾಂಕಿನ ಮೇಲೆ ನನಗೆ ಹುಸೇನಬಿಯ ಪರಿಚಯವಾಯಿತು. ಅಣ್ಣಿಗೇರಿಯ ಹೆಂಗಸು. ಮುಖ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಆಕೆಯ ಮೈಯಲ್ಲಿ ರಕ್ತವೇ ಉಳಿಯುವುದಿಲ್ಲ, ತಿಂಗಳಿಗೊಮ್ಮೆ ಬಂದು ಬಾಟ್ಲಿ ಹಾಕಿಸಿಕೊಂಡು ಹೋಗುತ್ತಾಳೆ. ನನ್ನ ಕಥೆ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮ್ಯಾಲಿನಾಂವ ಹಂಚೂವಾಗ ನನ್ನ ಪಾಲು ನಿಮ್ಮ ಗಂಗಾಳಕ್ಕ ಹಾಕ್ಯಾನ ನೋಡ್ರಿ ಅಣ್ಣಾ. ಒಂದು ನಳಗಿ ಜೋಡಿಸಿದ್ರ ಇಬ್ಬರದೂ ಇಲ್ಲೇ ಮುಗೀತಿತ್ತು!"

"ಕೊಡತಿದ್ನೆವ್ವಾ. ಆದ್ರ ನನ್ನ ರಕ್ತ ಯಾರಿಗೂ ನಡಿಯೂದಿಲ್ಲಂತ. ಚೆಲ್ಲೇ ಬಿಡತಾರಂತ" ಎಂದೆ.

ಆಕೆ ನಗು ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಹುರಿದ ಶೇಂಗಾ ಹಾಕಿದಳು. ಆ ಬಾಂಕಿನ ಮೇಲೆ ತಿಂದ ಶೇಂಗಾದ ರುಚಿ ಇನ್ನೂ ಬಾಯಲ್ಲಿದೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ನಾಲ್ಕನೆಯ ಬಾಟ್ಲಿಯ ನಂತರ ಅಳತೆ ನಲವತ್ತೊಂಬತ್ತಕ್ಕೆ ಇಳಿಯಿತು. ತಲೆ ಹಗುರಾಯಿತು, ಉರಿ ತಣ್ಣಗಾಯಿತು. ಸ್ವಲ್ಪ ನಿಶ್ಶಕ್ತಿ ಇತ್ತು, ಅಷ್ಟೆ. ಅದೇ ಹೊತ್ತಿಗೆ ಸುದ್ದಿ ಕುಬಿಹಾಳಕ್ಕೆ ಮುಟ್ಟಿತು.

ಕುಬಿಹಾಳ ನನ್ನ ಹೆಂಡತಿಯ ತವರು. ಅಲ್ಲಿ ನನ್ನ ಅತ್ತೆ ಗಂಗವ್ವ ಇದ್ದಾಳೆ. ಸುತ್ತಿನ ಹಳ್ಳಿಗಳಿಗೆಲ್ಲ ಆಕೆಯೇ ಸೂಲಗಿತ್ತಿ. ಆ ಸೀಮೆಯಲ್ಲಿ ಎದೆಯುಬ್ಬಿಸಿ ನಡೆಯುವ ಎಷ್ಟೋ ಗಂಡಸರ ಹೊಕ್ಕಳು ಕೊಯ್ದ ಕೈ ಆಕೆಯದು. ಅಳಿಯನ ಮುಂದೆ ಮಾತ್ರ ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ಇಪ್ಪತ್ತೈದು ವರ್ಷದಲ್ಲಿ ನನ್ನೊಡನೆ ನೇರವಾಗಿ ಆಡಿದ ಮಾತು ಎಂದರೆ "ಬರ್ರಿ ಅಳಿಯಾರ", "ಉಣ್ಣರಿ ಅಳಿಯಾರ", ಇವೆರಡೇ. ಊರ ಹೆಂಗಸರೆಲ್ಲ ಕುಪ್ಪಸಕ್ಕೆ ನನ್ನ ಅಂಗಡಿಗೆ ಬಂದರೂ ಆಕೆ ಮಾತ್ರ ತನ್ನ ಕುಪ್ಪಸವನ್ನು ತಾನೇ ಕೈಯಿಂದ ಹೊಲಿದುಕೊಳ್ಳುತ್ತಿದ್ದಳು. ಅಳಿಯನಿಗೆ ಕುಪ್ಪಸದ ಅಳತೆ ಕೊಡುವುದೆಂದರೇನು?

ಆ ಅತ್ತೆ ಒಂದು ಮುಂಜಾನೆ ಬಸ್ಸಿನಿಂದ ಇಳಿದು, ಸೀದಾ ಮನೆಗೆ ಬಂದು, ಮಗಳನ್ನು ಕೇಳಿದಳು.

"ಎಷ್ಟು ತಗದ್ರು?"

"ನಾಕು ಬಾಟ್ಲಿ, ಯವ್ವಾ."

ಅತ್ತೆ ನೆಲಕ್ಕೆ ಕೂತುಬಿಟ್ಟಳು. "ನಾಕು ಬಾಟ್ಲಿ! ಹಡದಾಕೀಗೂ ಅಷ್ಟು ಹೋಗೂದಿಲ್ಲ. ಹಸೀ ಮೈ ಅಳಿಯಾರ್ನ ಇಲ್ಲೇ ಕುಂದ್ರಿಸೀಯಲ್ಲ, ಬುದ್ಧಿ ಐತಿಲ್ಲೋ ನಿನಗ? ನಡೀರಿ, ಊರಿಗೆ ಹೋಗೂಣು."

ಹೀಗೆ ನನ್ನ ಬಾಣಂತನ ಸುರುವಾಯಿತು. ಇದು ಅತಿಶಯದ ಮಾತಲ್ಲ. ನಮ್ಮ ಕಡೆ ಮೈಯಿಂದ ರಕ್ತ ಹೋದವರಿಗೆ ಏನು ಮಾಡಬೇಕೆಂಬುದಕ್ಕೆ ಒಂದೇ ಪದ್ಧತಿ ಇದೆ, ಅದು ಬಾಣಂತಿಯದು. ಹೆಂಗಸರು ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ನಾನು ಹೆಂಡತಿಯ ತವರಿಗೆ ಹೋದೆ.

ಕುಬಿಹಾಳದ ಒಳಕೋಣೆಯಲ್ಲಿ ಹೊರಸು ಹಾಕಿದರು. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕುಳ್ಳಿನ ಕೆಂಡ. ತಲೆಗೆ ಅರಿವೆ, ಕಿವಿಗೆ ಅರಳೆ. ಬೆಳಿಗ್ಗೆ ಎದ್ದ ಕೂಡಲೇ ಅಳವಿ ಪಾಯಸ. ಸಾಸಿವೆಯಷ್ಟು ಸಣ್ಣ ಆ ಕೆಂಪು ಬೀಜವನ್ನು ಹಾಲು ಬೆಲ್ಲದಲ್ಲಿ ಕುದಿಸಿ ಬಾಣಂತಿಯರಿಗೆ ಕೊಡುತ್ತಾರೆ, ಹೋದ ರಕ್ತ ತಿರುಗಿ ತುಂಬಲಿ ಎಂದು. ಹತ್ತು ಗಂಟೆಗೆ ಉತ್ತತ್ತಿ, ಕೊಬ್ಬರಿ ಹಾಕಿದ ಅಂಟಿನ ಉಂಡಿ. ಮಧ್ಯಾಹ್ನ ಊಟದ ಮೇಲೆ ಮತ್ತೆ ಉಂಡಿ. ಸಂಜೆ ಮತ್ತೆ ಅಳವಿ. ಸ್ನಾನಕ್ಕೆ ಹಂಡೆಯ ತುಂಬ ಸುಡುನೀರು. ಅತ್ತೆ ತಾನೇ ಅಳಿಯನಿಗೆ ನೀರು ಹಾಕುವಂತಿಲ್ಲ. ಹೆಂಡತಿಯ ತಮ್ಮ ಕಲ್ಲಪ್ಪ ಹಾಕುತ್ತಿದ್ದ, ಅತ್ತೆ ಗೋಡೆಯ ಆಚೆ ನಿಂತು ಅಪ್ಪಣೆ ಕೊಡುತ್ತಿದ್ದಳು. "ಟೊಂಕಕ್ಕ ಹಾಕೋ! ಟೊಂಕಕ್ಕ ಹಾಕು, ಇಲ್ಲಂದ್ರ ಮುಂದ ನೋವು ಹಿಡಿತೈತಿ!"

ಡಾಕ್ಟರು ಉಗುರುಬೆಚ್ಚಗಿನ ನೀರು ಸಾಕು ಎಂದಿದ್ದಾರೆ ಎಂದು ನಾನು ಒಳಗಿನಿಂದಲೇ ಕೂಗಿದೆ.

"ರಕ್ತಾ ಹ್ವಾದ ಮೈಗೆ ತಣ್ಣೀರ ಹಾಕಿದ್ರ ಸನ್ನಿ ಆಗತೈತಿ. ಡಾಕ್ಟರ್ ಎಷ್ಟು ಹಡದಾನ?" ಎಂದು ಉತ್ತರ ಬಂತು. ಸ್ನಾನವಾದ ಮೇಲೆ ಕೆರೆತ ತಡೆಯದೆ ನಾನು ಕುಣಿದರೆ, "ರಕ್ತಾ ಓಡ್ಯಾಡಾಕ ಹತ್ತೈತಿ, ಚಲೋ ಲಕ್ಷಣ" ಎಂದಳು.

ಓಣಿಯ ಹೆಂಗಸರು ಬಾಣಂತಿಯನ್ನು ನೋಡಲು ಬಂದರು. ಬಾಗಿಲಲ್ಲಿ ಇಣುಕಿ, "ಏನ್ ಹಡದಾರ್ರೀ ನಿಮ್ಮ ಅಳಿಯಾರು? ಗಂಡೋ ಹೆಣ್ಣೋ?" ಎಂದರು. ನೀಲವ್ವ ಒಳಗಿನಿಂದಲೇ, "ನಾಕು ಬಾಟ್ಲಿ!" ಎಂದಳು. ಆ ನಗು ಊರ ಅಗಸಿಬಾಗಿಲವರೆಗೆ ಕೇಳಿರಬೇಕು.

ಈಗ ಒಂದು ಮಾತು ನಿಜ ಹೇಳಬೇಕು. ನನಗೆ ಆ ಬಾಣಂತನ ಬಹಳ ಇಷ್ಟವಾಗಿತ್ತು. ನಮ್ಮವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ನಾನು ಮುಂದೆ ನಿಂತವರಿಗೆಲ್ಲ ಅಂಗಿ ತೊಡಿಸಿದವನು, ನನಗೆ ಯಾರಾದರೂ ಹೊದಿಸಿ ಮಲಗಿಸಿದ್ದು ನೆನಪಿಲ್ಲ. ಆ ಹೊರಸಿನ ಮೇಲೆ ಕಿವಿಗೆ ಅರಳೆ ತುರುಕಿಕೊಂಡು ಬಿದ್ದಾಗ, ಹಿಂದೆ ಉಳಿದಿದ್ದ ಯಾವುದೋ ಬಾಕಿ ಈಗ ಸಿಗುತ್ತಿದೆ ಅನ್ನಿಸುತ್ತಿತ್ತು. ರಕ್ತ ಕಡಿಮೆ ಇರಬೇಕೆಂಬ ಡಾಕ್ಟರ ಮಾತು ನೆನಪಾದರೂ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಬಿಟ್ಟೆ.

ಒಂದೂವರೆ ತಿಂಗಳಾಗಿತ್ತು. ಸಂಜೆಯ ಪಾಯಸ ತಿನ್ನುತ್ತಿದ್ದೆ. ಚಮಚ ಕೈಯಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಬಲಗೈ ಮತ್ತೆ ಹೋಗಿತ್ತು. ಈ ಸಲ ನಾಲಗೆಯೂ ತೊದಲಿತು. ಅತ್ತೆ ಬಾಗಿಲಲ್ಲೇ ಇದ್ದಳು, ಎಲ್ಲ ನೋಡಿದಳು. ಸೆರಗು ಜಾರಿದ್ದು ಆಕೆಗೆ ಗೊತ್ತಾಗಲಿಲ್ಲ. ಓಡಿ ಬಂದು ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ತಿಕ್ಕತೊಡಗಿದಳು. ಅರ್ಧ ತಾಸಿಗೆ ಕೈ ತಿರುಗಿ ಬಂತು. ಅರ್ಧ ತಾಸು ಎಷ್ಟು ಉದ್ದ ಇರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

"ನಿಶ್ಶಕ್ತಿ ಇನ್ನೂ ಹೋಗಿಲ್ಲ. ಅಳವಿ ಸಾಲವಲ್ದು" ಎಂದಳು ಅತ್ತೆ, ನನ್ನ ಕೈ ಬಿಡದೆ.

ಮರುದಿನ ನಾನೂ ನೀಲವ್ವನೂ ಹುಬ್ಬಳ್ಳಿಗೆ ಹೋದೆವು. ಅಳತೆ ಐವತ್ತೆಂಟು. ಡಾಕ್ಟರು ನಳಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಇಷ್ಟು ಲಗೂನ ಏರಬಾರದು. ಏನು ತಿಂತೀರಿ ನೀವು?"

ನೀಲವ್ವ ಹೆಮ್ಮೆಯಿಂದ ಪಟ್ಟಿ ಒಪ್ಪಿಸಿದಳು. ಅಳವಿ, ಬೆಲ್ಲ, ಉತ್ತತ್ತಿ, ಉಂಡಿ, ಮತ್ತೆ ಅಳವಿ. ಡಾಕ್ಟರು ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಅವರ ಹೊಟ್ಟೆ ಕುಲುಕುತ್ತಿತ್ತು.

"ನಾವು ಮುಂಚಿ ಬಾಗಲದಾಗ ಹೊರಗ ಹಾಕತೀವಿ, ನೀವು ಹಿತ್ತಲ ಬಾಗಲದಾಗ ಒಳಗ ಕರೀತೀರಿ! ಅಳವ್ಯಾಗ, ಉತ್ತತ್ತ್ಯಾಗ ಕಬ್ಬಿಣದ ಅಂಶ ಅದ. ರಕ್ತ ತಯಾರಾಗಲಿಕ್ಕೆ ಅದ ಬೇಕು. ನಾನು ರಕ್ತ ತಗಿಯೂದು ಆ ಕಬ್ಬಿಣ ಕಡಿಮಿ ಆಗಲಿ ಅಂತ." ಆಮೇಲೆ ನಗು ನಿಲ್ಲಿಸಿ ನನ್ನ ಬಲಗೈಯನ್ನು ಮೇಜಿನ ಮೇಲೆ ಇಡಿಸಿದರು. "ಈ ಕೈ ಬೇಕೋ, ಆ ಉಂಡಿ ಬೇಕೋ? ಎರಡರಾಗ ಒಂದು ಆರಿಸ್ಕೋರಿ. ಅತ್ತೀಯವರಿಗೆ ನೀವ ಹೇಳ್ರಿ."

ಹೇಳುವುದು ಯಾರು? ಗಾಡಿಯಲ್ಲಿ ಇಡೀ ದಾರಿ ಇದೇ ಜಗಳ. "ನಿಮ್ಮ ರಕ್ತಾ, ನೀವ ಹೇಳ್ರಿ" ಎಂದಳು ನೀಲವ್ವ. "ನಿಮ್ಮವ್ವ, ನೀ ಹೇಳು" ಎಂದೆ ನಾನು. ಕುಂದಗೋಳ ಬಂದರೂ ತೀರ್ಮಾನ ಆಗಲಿಲ್ಲ. ನಾನು ಕುಬಿಹಾಳಕ್ಕೆ ಹೋಗದೆ ಅಂಗಡಿ ತೆರೆದು ಕೂತೆ. ಕೆಲಸ ಬಹಳ ಇದೆ ಎಂದು ಹೇಳಿ ಕಳಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ.

ಅತ್ತೆ ಬಿಡುವವಳೇ? ವಾರಕ್ಕೊಮ್ಮೆ ಬಸ್ಸಿನಲ್ಲಿ ಡಬ್ಬಿಯ ತುಂಬ ಉಂಡಿ ಬರತೊಡಗಿತು, ಒಂದೊಂದು ಸಲ ಹಿಂದೆಯೇ ಆಕೆಯೂ. ನಾನು "ತಿಂತೀನ್ರಿ ಅತ್ತಿ" ಎಂದು ತೆಗೆದುಕೊಂಡು ಹೊಲಿಗೆ ಯಂತ್ರದ ಡ್ರಾವರಿನಲ್ಲಿ ಬಚ್ಚಿಡುತ್ತಿದ್ದೆ. ಇರುವೆಗಳಿಗೆ ಮೊದಲು ಗೊತ್ತಾಯಿತು, ಆಮೇಲೆ ಗಿರಾಕಿಗಳಿಗೆ. ಅಳತೆ ಕೊಡಲು ಬಂದವರಿಗೆ ಒಂದೊಂದು ಉಂಡಿ ಕೊಟ್ಟು ಕಳಿಸುತ್ತಿದ್ದೆ. ಒಬ್ಬ ಗಿರಾಕಿಗೆ ಪ್ಯಾಂಟಿನ ಅಳತೆ ತೆಗೆದ ಮೇಲೆ ಎರಡು ಉಂಡಿ ಕೊಟ್ಟೆ, ಹೊಲಿದು ಕೊಡುವಾಗ ಸೊಂಟ ಬಿಗಿಯಾಗಿತ್ತು.

ಒಂದು ದಿನ ಅತ್ತೆ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗಲೇ ಆ ಗಿರಾಕಿ ಮತ್ತೆ ಬಂದ. "ಟೇಲರ್, ಇವತ್ತು ಉಂಡಿ ಇಲ್ಲೇನ್ರಿ? ಯಾರ್ ಮಾಡತಾರೋ ಪುಣ್ಯಾತ್ಮರು. ಅವರ ಕೈಗೆ ಬಂಗಾರದ ಬಳಿ ಹಾಕಬೇಕು ನೋಡ್ರಿ!" ಎಂದ.

ಬಂಗಾರದ ಬಳೆ ಹಾಕಿಸಿಕೊಳ್ಳಬೇಕಾದವಳು ನನ್ನನ್ನೇ ನೋಡುತ್ತಿದ್ದಳು. ಗಿರಾಕಿ ಹೋದ ಮೇಲೆ ನಾನು ಯಂತ್ರದ ಮೇಲಿನಿಂದ ಕಣ್ಣೆತ್ತದೆ ಎಲ್ಲ ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದು, ಅಳತೆ ಏರಿದ್ದು, ಅಳವಿಯಿಂದಲೇ ಕೈ ಮತ್ತೆ ಹೋದದ್ದು, ಎಲ್ಲ.

ಅತ್ತೆ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು.

"ನೀಲಾಗಿಂತ ದೊಡ್ಡಾಕಿ ಒಬ್ಬಾಕಿ ಇದ್ಲು, ನಿಮಗ ಗೊತ್ತೈತಿ. ಹಡದ ಮೂರನೇ ದಿನಾ ಹ್ವಾದ್ಲು. ರಕ್ತಾ ನಿಲ್ಲಲಿಲ್ಲ. ಊರ ಮಂದೀಗೆಲ್ಲಾ ಹಡಿಸಿದ ಕೈಲೇ ಒಂದು ವಾಟಗಾ ಅಳವಿ ಕುಡಸಾಕ ಆಗಲಿಲ್ಲ ನಂಗ, ಅಷ್ಟ್ರಾಗ ಮುಗದಿತ್ತು. ರಕ್ತಾ ಹೋತು ಅಂತ ಕೇಳಿದ್ರ ನಂಗ ಕೈಕಾಲು ಆಡೂದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಉಳಸಾಕ ಬಂದು ನಾನ ಕೊಲ್ಲಾಕ ಹತ್ತಿದ್ನೇನೋ ಯಪ್ಪಾ!"

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಆಕೆ ನನ್ನನ್ನು ಅಳಿಯಾರ ಅನ್ನಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನಾನು ಏನಾದರೂ ಹೇಳುವ ಮೊದಲೇ ಖಾಲಿ ಡಬ್ಬಿ ಎತ್ತಿಕೊಂಡು ಬಸ್ಸಿನ ಕಡೆ ನಡೆದುಬಿಟ್ಟಳು. ಮೂರು ವಾರ ಸುದ್ದಿಯಿಲ್ಲ. ಉಂಡಿ ನಿಂತಿತು, ಇರುವೆಗಳೂ ಬೇರೆ ಕಡೆ ಹೋದವು. ಯಂತ್ರ ತುಳಿಯುತ್ತ, ಕೈ ಉಳಿಸಿಕೊಳ್ಳಲು ಹೋಗಿ ಅತ್ತೆಯನ್ನು ಕಳೆದುಕೊಂಡೆನೇನೋ ಎಂದು ಕೊರಗಿದೆ.

ಮುಂದಿನ ಬಾಟ್ಲಿಯ ದಿನ ದವಾಖಾನೆಯ ಬಾಂಕಿನ ಹತ್ತಿರ ಹೋದರೆ, ಹುಸೇನಬಿಯ ಪಕ್ಕದಲ್ಲಿ ಅತ್ತೆ ಕೂತಿದ್ದಳು! ಕಲ್ಲಪ್ಪನನ್ನು ಕರೆದುಕೊಂಡು ನಮಗಿಂತ ಮೊದಲೇ ಬಂದಿದ್ದಳು. ಇಬ್ಬರೂ ಶೇಂಗಾ ತಿನ್ನುತ್ತ ಯಾರದೋ ಹೆರಿಗೆಯ ಮಾತಾಡುತ್ತಿದ್ದರು.

"ನಾ ನೋಡತೀನಿ" ಎಂದಳು ಅತ್ತೆ, ನನ್ನತ್ತ ತಿರುಗಿ. ಅಷ್ಟೇ.

ಸಿಸ್ಟರ್ ಮೊದಲು ಒಪ್ಪಲಿಲ್ಲ. ಡಾಕ್ಟರು ಮಾತ್ರ, "ಇವರೇನಾ ಅಳವಿ ಬಾಯಾರು? ಬರಲಿ ಬರಲಿ" ಎಂದು ಒಳಗೆ ಬಿಟ್ಟರು. ನಾನು ಮಂಚದ ಮೇಲೆ ಮಲಗಿದೆ. ಅತ್ತೆ ತಲೆಯ ಬಳಿ ನಿಂತಳು. ಸೂಜಿ ಚುಚ್ಚಿದರು. ರಕ್ತ ನಳಿಗೆಯಲ್ಲಿ ನಿಧಾನ ಇಳಿಯತೊಡಗಿತು, ಕಾಕಂಬಿಯಂತೆ, ಬರಲೋ ಬೇಡವೋ ಅನ್ನುತ್ತ. ಅತ್ತೆ ಬಾಗಿ ನೋಡಿದಳು. ಎಷ್ಟೋ ಹೆರಿಗೆಗಳಲ್ಲಿ ರಕ್ತ ಕಂಡ ಕಣ್ಣು ಅದು, ಅದಕ್ಕೆ ಯಾವ ನಳಿಗೆಯ ಅಳತೆಯೂ ಬೇಕಿರಲಿಲ್ಲ.

"ಇದು ಹರಿಯೂ ರಕ್ತ ಅಲ್ಲ. ಭಾಳ ದಪ್ಪ ಐತಿ, ಕರ್ರಗೈತಿ. ಹೊರಗ ಬರೂದ ತ್ರಾಸು ಅಂದ್ರ ಒಳಗ ಹೆಂಗ ತಿರಗತೈತಿ?" ಎಂದಳು.

"ಅದನ್ನ ನಾನೂ ಹೇಳಿದ್ದು" ಎಂದರು ಡಾಕ್ಟರು.

"ನೀವು ಹೇಳಿದ್ರಿ. ನಾ ಈಗ ಕಂಡೆ." ಆಮೇಲೆ ಬಾಟ್ಲಿಯ ಕಡೆ ಕೈ ತೋರಿಸಿ, "ತಗೀರಿ ಸಾಹೇಬ್ರ. ಇನ್ನೂ ಒಂದೀಟು ತಗೀರಿ" ಎಂದಳು.

"ಸಾಕ್ರಿ ಬಾಯಾರ, ಒಂದ ದಿನಕ್ಕ ಇಷ್ಟ" ಎಂದು ಡಾಕ್ಟರೇ ತಡೆಯಬೇಕಾಯಿತು. ಅಂದಿನಿಂದ ನನ್ನ ಪಥ್ಯಕ್ಕೆ ಆಕೆಯೇ ಪೊಲೀಸು. ಮದುವೆಯೊಂದರಲ್ಲಿ ಯಾರೋ ನನ್ನ ಎಲೆಗೆ ಉತ್ತತ್ತಿ ಹಾಕಲು ಬಂದಾಗ, ಹೆಂಗಸರ ಪಂಕ್ತಿಯಿಂದ ಎದ್ದು ಬಂದು ಅವರ ಕೈ ಹಿಡಿದಳು.

ಅತ್ತೆ ಆ ದಿನ ಹುಬ್ಬಳ್ಳಿಗೆ ಬಂದು ಎಂಟು ದಿನಕ್ಕೆ ನನ್ನ ಅಂಗಡಿಗೆ ಬಂದಳು. ಒಂದು ಬಟ್ಟೆಯ ಚೀಲವನ್ನು ಹಲಗೆಯ ಮೇಲಿಟ್ಟು ಮುಖ ಆಚೆ ಮಾಡಿ ಕೂತಳು. ಚೀಲ ನನಗೆ ಗುರುತಿತ್ತು. ಕುಬಿಹಾಳದಲ್ಲಿ ಗೂಟಕ್ಕೆ ತೂಗುಹಾಕಿದ್ದ ಅಳವಿಯ ಚೀಲ ಅದು. ಮತ್ತೆ ಅಳವಿ ತಂದಳಲ್ಲಪ್ಪ ಎಂದುಕೊಂಡೆ. ಬಿಚ್ಚಿ ನೋಡಿದೆ. ಬೀಜ ಒಂದೂ ಇರಲಿಲ್ಲ. ಕುಪ್ಪಸಕ್ಕೆಂದು ತಂದ ಹೊಸ ಖಣ ಒಂದಿತ್ತು, ಅದರೊಳಗೆ ಮಡಿಸಿಟ್ಟ ಒಂದು ಹಳೆಯ ಕುಪ್ಪಸ, ಅಳತೆಗೆ.

"ಹೊಲಿರಿ. ಕೈ ಹೆಂಗೈತಿ ನೋಡೂಣು" ಎಂದಳು, ರಸ್ತೆಯ ಕಡೆಗೇ ನೋಡುತ್ತ.

ಹಳೆಯ ಕುಪ್ಪಸವನ್ನು ಹಲಗೆಯ ಮೇಲೆ ಹಾಸಿದೆ. ಆಕೆಯ ಕೈಹೊಲಿಗೆಯ ಸಣ್ಣ ಸಣ್ಣ ಟಾಕಿಗಳು, ಒಂದೂ ಡೊಂಕಿಲ್ಲ. ಇಂಥ ಕೈಯ ಮುಂದೆ ಪರೀಕ್ಷೆ! ಖಣದ ಮೇಲೆ ಗುರುತು ಹಾಕಿ, ಅವತ್ತು ನೆಲಕ್ಕೆ ಬಿದ್ದ ಅದೇ ಕತ್ತರಿಯನ್ನು ತೆಗೆದುಕೊಂಡೆ. ಬೆರಳು ಮಡಚಿದವು. ಕತ್ತರಿ ಅಂಚಿನಿಂದ ಅಂಚಿಗೆ ಒಂದೇ ಸಮ ಹೋಯಿತು. ಅತ್ತೆ ರಸ್ತೆ ನೋಡುತ್ತಿದ್ದವಳು ಯಾವಾಗಲೋ ತಿರುಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಈಗ ಎರಡು ತಿಂಗಳಿಗೊಮ್ಮೆ ಬಾಟ್ಲಿ ಕೊಟ್ಟು ಬರುತ್ತೇನೆ. ಹುಸೇನಬಿ ಇನ್ನೂ ಬರುತ್ತಾಳೆ. ನಾನು ಹೋದರೆ ಬಾಂಕಿನ ಮೇಲೆ ಸರಿದು ಜಾಗ ಕೊಡುತ್ತಾಳೆ. ಸ್ನಾನದ ನಂತರ ಇನ್ನೂ ಸ್ವಲ್ಪ ಕೆರೆತ ಇದೆ, ಕಂಬ ನುಣ್ಣಗಾಗಿದೆ. ಮುಖದ ಕಳೆ ಇಳಿದಿದೆ. ಈಗ ಜನ, "ಯಾಕ್ರಿ ಟೇಲರ್, ಸೊರಗೀರಿ?" ಎನ್ನುತ್ತಾರೆ.

ಬಮ್ಮಿಗಟ್ಟಿಯ ತಮ್ಮಾ, ನಿನಗೂ ಹೆದರಿಕೆ ಆಗುತ್ತದೆ, ಆಗಲಿ. ನನಗೂ ಆಗಿತ್ತು, ಈಗಲೂ ಒಮ್ಮೊಮ್ಮೆ ಕತ್ತರಿ ಹಿಡಿಯುವಾಗ ಆಗುತ್ತದೆ. ಬಾಟ್ಲಿ ಕೊಡಲು ಹೋಗುವ ದಿನ ಒಬ್ಬನೇ ಹೋಗಬೇಡ. ನಿನ್ನ ಮೇಲೆ ಜೀವ ಇಟ್ಟವರು ನಿನಗೆ ಏನು ತಿನ್ನಿಸುತ್ತಿದ್ದಾರೆಂದು ಡಾಕ್ಟರಿಗೆ ಹೇಳು, ಅವರನ್ನೂ ಕರೆದುಕೊಂಡು ಹೋಗಿ ತೋರಿಸು. ನಮ್ಮತ್ತೆ ಈಗಲೂ ಒಂದೊಂದು ಸಲ ನನ್ನ ಜೊತೆ ಬರುತ್ತಾಳೆ, ಆ ಖಣದ ಕುಪ್ಪಸ ತೊಟ್ಟುಕೊಂಡೇ. ಹೋದ ಸಲ ಸಿಸ್ಟರ್ ನನ್ನ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಅತ್ತೆ ತನ್ನ ತೋಳನ್ನು ಆಕೆಯ ಮುಂದೆ ಚಾಚಿ ಕುಪ್ಪಸದ ತೋಳಿನ ಹೊಲಿಗೆ ತೋರಿಸಿದಳು.

"ನೋಡ್ರಿ ಬಾಯಾರ, ಒಂದು ಟಾಕಿ ಡೊಂಕಿಲ್ಲ. ಈ ಬಾಟ್ಲಿ ಕೊಡಾಕ ಹತ್ಯಾನಲ್ಲ, ಇಂವ ಹೊಲದದ್ದು. ನನ್ನ ಮಗಾ."